ಮೊದಲು ಕಾಲೇಜು ನೋಡಿ, ಆಮೇಲೆ ಯೂನಿಫಾರ್ಮ್ ಬಣ್ಣ

ಬಳ್ಳಾರಿಯಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯುಸಿ ಮುಗಿಸಿದ ಮಕ್ಕಳಿಗೂ ಅವರ ಪೋಷಕರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ. ಕೊನೆಗೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇವೆ.

ಎಲ್ಲರಿಗೂ ನಮಸ್ಕಾರ.

ರಿಸಲ್ಟ್ ಬಂದ ವಾರ ಮಕ್ಕಳ ಬಾಯಲ್ಲಿ ಓಡಾಡುವ ಪ್ರಶ್ನೆ ಒಂದೇ: ಎನ್‌ಸಿಸಿಯಲ್ಲಿ (ನ್ಯಾಷನಲ್ ಕೆಡೆಟ್ ಕೋರ್) ಆರ್ಮಿ ವಿಂಗ್ ಒಳ್ಳೆಯದೋ, ಏರ್ ವಿಂಗ್ ಒಳ್ಳೆಯದೋ, ನೇವಲ್ ವಿಂಗ್ ಒಳ್ಳೆಯದೋ? ಪ್ರಶ್ನೆ ತಪ್ಪಲ್ಲ, ಆದರೆ ತಲೆಕೆಳಗಾಗಿದೆ. ಎನ್‌ಸಿಸಿಗೆ ಹುಡುಗನೋ ಹುಡುಗಿಯೋ ಸೀದಾ ಹೋಗಿ ಸೇರುವುದಿಲ್ಲ, ಓದುತ್ತಿರುವ ಶಾಲೆ ಅಥವಾ ಕಾಲೇಜಿನ ಮೂಲಕ ಸೇರುವುದು. ಆ ಕಾಲೇಜಿಗೆ ಯಾವ ವಿಂಗ್ ಮಂಜೂರಾಗಿದೆಯೋ ಅದೇ ನಿಮ್ಮ ವಿಂಗ್. ಅಡ್ಮಿಷನ್ ಮುಗಿಸಿ, ಫೀಸು ಕಟ್ಟಿ, ಆಮೇಲೆ ಬಂದು "ಸರ್, ನನಗೆ ನೀಲಿ ಯೂನಿಫಾರ್ಮ್ ಬೇಕಿತ್ತು" ಅಂದರೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ. ಅಂದರೆ ಇದನ್ನೆಲ್ಲ ಯೋಚಿಸಬೇಕಾದದ್ದು ಕಾಲೇಜು ಆರಿಸುವಾಗಲೇ, ಈಗಲೇ.

ಎನ್‌ಸಿಸಿ ಒಂದೇ ದಾರಿಯೇನಲ್ಲ, ಉಳಿದವನ್ನೂ ಹೇಳಿಬಿಡುತ್ತೇವೆ. ಎಂಟು, ಒಂಬತ್ತನೇ ತರಗತಿಯವರಿಗೆ ಕೆಲವು ಸರ್ಕಾರಿ ಶಾಲೆಗಳಲ್ಲಿ ಸ್ಟೂಡೆಂಟ್ ಪೊಲೀಸ್ ಕೆಡೆಟ್ ಯೋಜನೆ ಇದೆ. ಕೇರಳದಲ್ಲಿ 2010ರಲ್ಲಿ ಶುರುವಾಗಿ 2018ರಲ್ಲಿ ದೇಶಕ್ಕೆಲ್ಲ ಬಂದದ್ದು. ಅದರಲ್ಲಿ ಕವಾಯತು ಇದೆ, ಕಾನೂನು, ಸಂಚಾರ ನಿಯಮ, ಠಾಣೆ ಭೇಟಿ ಇದೆ, ಆದರೆ ಅದು ಸೈನ್ಯದ ದಾರಿಯಲ್ಲ. ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ ಸೈನ್ಯದ ಘಟಕವೇ ಅಲ್ಲ, ಹಾಗಂತ ಕಡೆಗಣಿಸಬೇಡಿ. ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರದವರೆಗೆ ಹೋದವರಿಗೆ ರೈಲ್ವೆಯಲ್ಲಿ ಸ್ಕೌಟ್ಸ್-ಗೈಡ್ಸ್ ಕೋಟಾ ನೇಮಕಾತಿ ಇದೆ. ಬಳ್ಳಾರಿ ಜಂಕ್ಷನ್ ಇರುವುದು ನೈಋತ್ಯ ರೈಲ್ವೆಯ ಹುಬ್ಬಳ್ಳಿ ವಿಭಾಗದಲ್ಲಿ, ಆ ಅಧಿಸೂಚನೆಗಳ ಮೇಲೆ ಒಂದು ಕಣ್ಣಿಟ್ಟಿರಿ. ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಇರುವುದು 1969ರಿಂದ. ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜೊತೆಗೆ ಏಳು ದಿನದ ವಿಶೇಷ ಶಿಬಿರ. ಒಂದೇ ಹೊತ್ತಿಗೆ ಎನ್‌ಸಿಸಿ, ಎನ್‌ಎಸ್‌ಎಸ್ ಎರಡರಲ್ಲೂ ಇರಲು ಬರುವುದಿಲ್ಲ. ಎರಡಕ್ಕೂ ಹೆಸರು ಕೊಟ್ಟು ಆಮೇಲೆ ನೋಡೋಣ ಅನ್ನುವವರು ವರ್ಷದ ನಡುವೆ ಒಂದು ಕಡೆ ಹೆಸರು ಕಳೆದುಕೊಳ್ಳುತ್ತಾರೆ.

ವಿಜಯಪುರದ್ದೋ ಕೊಡಗಿನದ್ದೋ ಸೈನಿಕ ಶಾಲೆ ಬೇರೆಯೇ ಮಾತು. ಅದು ವಸತಿ ಶಾಲೆ. ಆರು ಮತ್ತು ಒಂಬತ್ತನೇ ತರಗತಿಗೆ ಪ್ರವೇಶ ಪರೀಕ್ಷೆ ಬರೆದು ಸೇರಬೇಕು. ಈ ಸಭೆಯಲ್ಲಿರುವ ಮಕ್ಕಳ ವಯಸ್ಸಿಗೆ ಆ ಬಾಗಿಲು ಮುಚ್ಚಿಯಾಗಿದೆ. ತಮ್ಮ, ತಂಗಿ ಇದ್ದರೆ ಅವರಿಗೆ ಹೇಳಿ.

ಇನ್ನೊಂದು ಎಚ್ಚರಿಕೆ. ಹೆಸರಿನಲ್ಲಿ "ರಾಷ್ಟ್ರೀಯ", "ಕೆಡೆಟ್", "ಕೋರ್" ಅಂತೆಲ್ಲ ಇಟ್ಟುಕೊಂಡು, ಎನ್‌ಸಿಸಿಯಂಥದೇ ಖಾಕಿ ಹೊಲಿಸಿ, ದುಡ್ಡು ಪಡೆದು ಸರ್ಟಿಫಿಕೇಟ್ ಕೊಡುವ ಖಾಸಗಿ ಸಂಸ್ಥೆಗಳು ಎಲ್ಲ ಕಡೆ ಇವೆ. ಅವು ಕಲಿಸುವ ಶಿಸ್ತು ಚೆನ್ನಾಗಿಯೇ ಇರಬಹುದು, ಆದರೆ ಸೈನ್ಯದ ನೇಮಕಾತಿಯಲ್ಲಿ ಆ ಕಾಗದಕ್ಕೆ ಎನ್‌ಸಿಸಿ ಪ್ರಮಾಣಪತ್ರದ ಅಂಕ ಸಿಗುವುದಿಲ್ಲ. ಗುರುತು ಹಿಡಿಯುವುದು ಸುಲಭ. ಎನ್‌ಸಿಸಿ ಕೆಡೆಟ್‌ಗೆ ಬಟಾಲಿಯನ್‌ನಿಂದ, ಅಂದರೆ ಕಾಲೇಜುಗಳ ಎನ್‌ಸಿಸಿ ನೋಡಿಕೊಳ್ಳುವ ಘಟಕದಿಂದ, ರೆಜಿಮೆಂಟಲ್ ನಂಬರ್ ಅನ್ನುವ ನೋಂದಣಿ ಸಂಖ್ಯೆ ಬರುತ್ತದೆ. "ನಿಮ್ಮದು ಯಾವ ಬಟಾಲಿಯನ್, ಯಾವ ಗ್ರೂಪ್?" ಅಂತ ಕೇಳಿ. ಕರ್ನಾಟಕ-ಗೋವಾ ನಿರ್ದೇಶನಾಲಯದ ಗ್ರೂಪ್ ಕೇಂದ್ರಗಳಲ್ಲಿ ಒಂದು ನಮ್ಮ ಬಳ್ಳಾರಿಯಲ್ಲೇ ಇದೆ, ಅನುಮಾನ ಇದ್ದರೆ ಅಲ್ಲಿ ಹೋಗಿ ವಿಚಾರಿಸಬಹುದು.

ಈಗ ಎನ್‌ಸಿಸಿಗೆ ಬರೋಣ. ಕುಂಜ್ರು ಸಮಿತಿಯ ಶಿಫಾರಸಿನ ಮೇಲೆ 1948ರ ಕಾಯ್ದೆಯಿಂದ ಹುಟ್ಟಿದ್ದು. ಹೆಣ್ಣುಮಕ್ಕಳ ವಿಭಾಗ 1949ರಲ್ಲಿ, ಏರ್ ವಿಂಗ್ 1950ರಲ್ಲಿ, ನೇವಲ್ ವಿಂಗ್ 1952ರಲ್ಲಿ ಬಂದವು. ಇತಿಹಾಸ ಇಷ್ಟು ಸಾಕು. ಹೈಸ್ಕೂಲಿನವರದು ಜೂನಿಯರ್ ಡಿವಿಷನ್, ಎರಡು ವರ್ಷ, ಮುಗಿದರೆ 'ಎ' ಸರ್ಟಿಫಿಕೇಟ್. ಪಿಯು ಮತ್ತು ಅದರ ಮೇಲಿನವರದು ಸೀನಿಯರ್ ಡಿವಿಷನ್. ಎರಡು ವರ್ಷಕ್ಕೆ 'ಬಿ', ಮೂರನೆಯ ವರ್ಷಕ್ಕೆ 'ಸಿ'. 'ಎ' ಇಲ್ಲದೆಯೂ ಸೀನಿಯರ್ ಡಿವಿಷನ್ ಸೇರಬಹುದು. ಹೈಸ್ಕೂಲಿನಲ್ಲಿ ಎನ್‌ಸಿಸಿ ಇರಲಿಲ್ಲ, ಇನ್ನು ನಮ್ಮದು ಮುಗಿಯಿತು ಅಂತ ಕೈಚೆಲ್ಲಿದ ಹಳ್ಳಿ ಮಕ್ಕಳು ಈ ಮಾತನ್ನು ಎರಡು ಸಲ ಕೇಳಿಸಿಕೊಳ್ಳಿ.

ಮೂರು ವರ್ಷ ಅನ್ನುವ ಈ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಹದಿನಾರರಲ್ಲಿ ಪಿಯು ಸೇರಿದ ದಿನವೇ ಎನ್‌ಸಿಸಿ ಸೇರಿದರೆ, ಎರಡು ವರ್ಷಕ್ಕೆ ಹದಿನೆಂಟರಲ್ಲಿ 'ಬಿ', ಪದವಿಯ ಮೊದಲ ವರ್ಷದ ಕೊನೆಗೆ ಹತ್ತೊಂಬತ್ತರ ಹೊತ್ತಿಗೆ 'ಸಿ'. ಪಿಯು ಬಿಟ್ಟು ಪದವಿಯಲ್ಲಿ ಶುರು ಮಾಡಿದರೆ 'ಸಿ' ಕೈಗೆ ಬರುವಾಗ ಇಪ್ಪತ್ತೊಂದು. ನಾಲ್ಕು ವರ್ಷದ ಮಟ್ಟಿಗೆ ಅಗ್ನಿವೀರ್ ಸೈನಿಕರನ್ನು ತೆಗೆದುಕೊಳ್ಳುವ ಅಗ್ನಿಪಥ ಯೋಜನೆಯ ಮೂಲ ವಯೋಮಿತಿ 17½ರಿಂದ 21. ಎರಡು ವರ್ಷ ತಡವಾಗಿ ಶುರು ಮಾಡಿದವನಿಗೆ ಸರ್ಟಿಫಿಕೇಟ್ ಬರುವ ಹೊತ್ತಿಗೆ ರ‍್ಯಾಲಿಯ ವಯಸ್ಸು ಮುಗಿಯುತ್ತ ಬಂದಿರುತ್ತದೆ. ಜವಾನನಾಗಿ ಸೇರಬೇಕು ಅನ್ನುವವರು ಪಿಯುನಲ್ಲೇ ಸೀನಿಯರ್ ಡಿವಿಷನ್ ಇರುವ ಕಾಲೇಜು ಹುಡುಕಿ. ಆಫೀಸರ್ ಆಗಬೇಕು ಅನ್ನುವವರಿಗೆ ಅಷ್ಟು ಅವಸರವಿಲ್ಲ, ಹೇಗೂ ಪದವಿ ಮುಗಿಸಬೇಕು.

ಆದರೆ ಪಿಯುನಲ್ಲಿ ಶುರು ಮಾಡಿದವರಿಗೆ ಇನ್ನೊಂದು ಗುಂಡಿ ಇದೆ. 'ಬಿ' ಆಯಿತು, ಪದವಿಗೆ ಎನ್‌ಸಿಸಿಯೇ ಇಲ್ಲದ ಕಾಲೇಜು ಸೇರಿದರು, ಮೂರನೆಯ ವರ್ಷ ಅಲ್ಲಿಗೇ ನಿಂತಿತು. ಅಥವಾ ಕಾಲೇಜಿನಲ್ಲಿ ಎನ್‌ಸಿಸಿ ಇದೆ, ಆದರೆ ಹಳೆಯ ಯುನಿಟ್‌ನಿಂದ ವರ್ಗಾವಣೆ ಕಾಗದ ತರಲಿಲ್ಲ, ಹೊಸಬರಾಗಿ ಮತ್ತೆ ಮೊದಲ ವರ್ಷದಿಂದ ಲೆಕ್ಕ. ಎರಡನೇ ಪಿಯು ರಿಸಲ್ಟ್ ಬಂದ ಕೂಡಲೇ ಟಿಸಿ ಜೊತೆ ಎನ್‌ಸಿಸಿ ದಾಖಲೆಗಳನ್ನೂ ಬಿಡಿಸಿಕೊಳ್ಳಿ. ನಡುವೆ ಬಿಡುವು ಉದ್ದವಾದರೆ ಹಿಂದಿನ ವರ್ಷಗಳು ಲೆಕ್ಕಕ್ಕೆ ಬರುವುದಿಲ್ಲ.

ಕಾಲೇಜಿಗೆ ಹೋದಾಗ ಪ್ರಾಂಶುಪಾಲರನ್ನಲ್ಲ, ಎಎನ್‌ಒ ಅವರನ್ನು ಕಾಣಿ. ಎಎನ್‌ಒ (ಅಸೋಸಿಯೇಟ್ ಎನ್‌ಸಿಸಿ ಆಫೀಸರ್) ಅಂದರೆ ಅದೇ ಕಾಲೇಜಿನ ಉಪನ್ಯಾಸಕರು, ಕಾಂಪ್ಟಿಯಲ್ಲೋ ಗ್ವಾಲಿಯರ್‌ನಲ್ಲೋ ಎನ್‌ಸಿಸಿ ಅಧಿಕಾರಿಗಳ ತರಬೇತಿ ಮುಗಿಸಿ ಬಂದವರು. ಕೆಲವು ಕಡೆ ತರಬೇತಿಯಾದ ಎಎನ್‌ಒ ಇರುವುದಿಲ್ಲ, ಒಬ್ಬ ಮೇಷ್ಟ್ರು ಕೇರ್‌ಟೇಕರ್ ಆಗಿ ನೋಡಿಕೊಳ್ಳುತ್ತಿರುತ್ತಾರೆ. ಕೇರ್‌ಟೇಕರ್ ಅಂದಮಾತ್ರಕ್ಕೆ ಕೆಟ್ಟದ್ದೇನಲ್ಲ. ಆದರೆ ಬಟಾಲಿಯನ್‌ಗೆ ಓಡಾಡಿ ಕ್ಯಾಂಪ್ ಸೀಟು ತರುವವರು, ಹಾಜರಿ ಪುಸ್ತಕ ಸರಿಯಾಗಿ ಇಡುವವರು, ಇಂಟರ್ನಲ್ಸ್ ದಿನ ಕ್ಯಾಂಪ್ ಬಂದರೆ ವಿಭಾಗದ ಮುಖ್ಯಸ್ಥರ ಜೊತೆ ಮಾತಾಡುವವರು ಯಾರು ಅನ್ನುವುದು ವಿಂಗ್‌ಗಿಂತ ದೊಡ್ಡ ವಿಷಯ. ನಮ್ಮನ್ನು ಕೇಳಿದರೆ, ಚುರುಕಾದ ಎಎನ್‌ಒ ಇರುವ ಸಾಧಾರಣ ಕಾಲೇಜಿನ ಆರ್ಮಿ ವಿಂಗ್, ಹೆಸರಿಗಷ್ಟೇ ನಡೆಯುವ ದೊಡ್ಡ ಕಾಲೇಜಿನ ಏರ್ ವಿಂಗ್‌ಗಿಂತ ಎಷ್ಟೋ ವಾಸಿ.

ಅವರನ್ನು ಕೇಳಬೇಕಾದದ್ದು ಇಷ್ಟು. ಈ ವರ್ಷ ಹೊಸಬರಿಗೆ ಎಷ್ಟು ಜಾಗ? ಮಂಜೂರಾದ ಸಂಖ್ಯೆ ಹೇಳಿದರೆ ಅದನ್ನೇ ನಂಬಿ ಕೂರಬೇಡಿ. 54 ಅಂದರು ಅಂತಿಟ್ಟುಕೊಳ್ಳಿ, ಅದು ಮೂರೂ ವರ್ಷದವರನ್ನು ಸೇರಿಸಿ. ಹೊಸಬರಿಗೆ ಉಳಿಯುವುದು ಹದಿನೆಂಟರ ಆಸುಪಾಸು, ಅದರಲ್ಲಿ ಹುಡುಗರಿಗೆಷ್ಟು, ಹುಡುಗಿಯರಿಗೆಷ್ಟು ಅನ್ನುವುದೂ ಬೇರೆ. ಹೋದ ವರ್ಷ ಎಷ್ಟು ಜನ 'ಸಿ' ಪರೀಕ್ಷೆಗೆ ಕೂತರು, ಅದರಲ್ಲಿ ಎಷ್ಟು ಜನರಿಗೆ 'ಬಿ' ಗ್ರೇಡ್ (ಇದು 'ಬಿ' ಸರ್ಟಿಫಿಕೇಟ್ ಅಲ್ಲ, ಪರೀಕ್ಷೆಯ ದರ್ಜೆ) ಮತ್ತು ಅದಕ್ಕಿಂತ ಮೇಲೆ ಬಂತು? ಪರೇಡ್ ಯಾವ ವಾರ, ಎಷ್ಟು ಗಂಟೆಗೆ? ಕುರುಗೋಡು, ಮೋಕಾ, ಸಿರುಗುಪ್ಪ ಕಡೆಯಿಂದ ಬಂದು ಹೋಗುವವರು ಈ ಕೊನೆಯ ಪ್ರಶ್ನೆಯನ್ನು ಮರೆಯಬಾರದು. ಬೆಳಗ್ಗೆ ಆರೂವರೆಗೆ ಪರೇಡ್, ಊರಿನ ಮೊದಲ ಬಸ್ಸು ಬಳ್ಳಾರಿ ತಲುಪುವುದು ಏಳೂ ಮುಕ್ಕಾಲಿಗೆ ಅಂದರೆ ಹಾಸ್ಟೆಲ್ ಇಲ್ಲದೆ ಆಗುವ ಕೆಲಸವಲ್ಲ. ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕೇ ಬೇಕು, ಬಸ್ಸು ತಡವಾಯಿತು ಅನ್ನುವ ಕಾರಣ ಹಾಜರಿ ಪುಸ್ತಕದಲ್ಲಿ ಕಾಣುವುದಿಲ್ಲ.

ಹಾಜರಿಯಷ್ಟೇ ಮುಖ್ಯ ಕ್ಯಾಂಪ್. 'ಬಿ'ಗೆ ಒಂದು ವಾರ್ಷಿಕ ತರಬೇತಿ ಶಿಬಿರ ಆಗಿರಬೇಕು, 'ಸಿ'ಗೆ ಒಟ್ಟು ಎರಡು. ಒಂದೊಂದು ಹತ್ತು ದಿನ. ಮೊದಲ ವರ್ಷ "ಆಮೇಲೆ ಹೋದರಾಯಿತು" ಅಂತ ಬಿಟ್ಟವರು ಮೂರನೆಯ ವರ್ಷ ಕ್ಯಾಂಪ್ ಸೀಟಿಗಾಗಿ ಅಲೆಯುತ್ತಾರೆ, ಅಷ್ಟರಲ್ಲಿ ಸೆಮಿಸ್ಟರ್ ಪರೀಕ್ಷೆ ಅಡ್ಡ ಬರುತ್ತದೆ. ಸಿಕ್ಕ ಮೊದಲ ಕ್ಯಾಂಪ್‌ಗೆ ಹೋಗಿಬಿಡಿ. ಎರಡನೇ ಪಿಯು ವಿಜ್ಞಾನದವರಿಗೆ ಇನ್ನೂ ಬಿಗಿ: 'ಬಿ' ಪರೀಕ್ಷೆ ಸಾಮಾನ್ಯವಾಗಿ ವರ್ಷದ ಮೊದಲ ತಿಂಗಳುಗಳಲ್ಲಿ ಬರುತ್ತದೆ, ಪ್ರಾಕ್ಟಿಕಲ್ಸ್ ಕೂಡ ಅದೇ ಹೊತ್ತಿಗೆ. ಕ್ಯಾಂಪನ್ನು ಮೊದಲ ಪಿಯುನಲ್ಲೇ ಮುಗಿಸಿಕೊಂಡರೆ ತಲೆನೋವು ಅರ್ಧ ಕಡಿಮೆ.

ಇಷ್ಟಾದ ಮೇಲೂ ಎರಡು ಮೂರು ಕಾಲೇಜುಗಳು ಉಳಿದು, ಅವುಗಳಲ್ಲಿ ವಿಂಗ್ ಬೇರೆ ಬೇರೆ ಇದ್ದರೆ, ಆಗ ವಿಂಗ್ ನೋಡಿ. ಪಾಠದ ದೊಡ್ಡ ಭಾಗ ಮೂರಕ್ಕೂ ಒಂದೇ: ಕವಾಯತು, ಆಯುಧ ತರಬೇತಿ, ನಾಯಕತ್ವ, ವಿಪತ್ತು ನಿರ್ವಹಣೆ, ಸಮಾಜ ಸೇವೆ, ಆರೋಗ್ಯ. ಉಳಿದ ಭಾಗದಲ್ಲಿ ಆರ್ಮಿಯವರಿಗೆ ನಕ್ಷೆ ಓದುವುದು, ಫೀಲ್ಡ್ ಕ್ರಾಫ್ಟ್ (ಬಯಲಲ್ಲಿ ಕಣ್ಣಿಗೆ ಬೀಳದಂತೆ ಚಲಿಸುವುದು). ಏರ್ ವಿಂಗ್‌ನವರಿಗೆ ವಿಮಾನದ ತತ್ವಗಳು, ಏರೋಮಾಡೆಲಿಂಗ್, ಸೌಲಭ್ಯ ಇರುವಲ್ಲಿ ಮೈಕ್ರೋಲೈಟ್ ಹಾರಾಟ. ನೇವಲ್‌ನವರಿಗೆ ದೋಣಿ, ಧ್ವಜ ಸಂಕೇತ, ಹಡಗಿನ ಮಾದರಿ ಮಾಡುವುದು. ಬಟ್ಟೆ ಕ್ರಮವಾಗಿ ಖಾಕಿ, ತಿಳಿ ನೀಲಿ-ಬೂದು, ಬಿಳಿ.

ವಿಂಗ್ ನಿಜವಾಗಿ ಲೆಕ್ಕಕ್ಕೆ ಬರುವುದು ಆಫೀಸರ್ ದಾರಿಯಲ್ಲಿ. ಭೂಸೇನೆಗೆ ಎನ್‌ಸಿಸಿ ಸ್ಪೆಷಲ್ ಎಂಟ್ರಿ ಇದೆ. ಪದವಿಯಲ್ಲಿ ಶೇ. 50, 'ಸಿ' ಸರ್ಟಿಫಿಕೇಟ್‌ನಲ್ಲಿ ಕನಿಷ್ಠ 'ಬಿ' ಗ್ರೇಡ್, ವಯಸ್ಸು 19ರಿಂದ 25, ಮದುವೆ ಆಗಿರಬಾರದು. ಸೇನಾಧಿಕಾರಿಗಳ ಆಯ್ಕೆಗೆ ಯುಪಿಎಸ್‌ಸಿ ನಡೆಸುವ ಸಿಡಿಎಸ್ ಲಿಖಿತ ಪರೀಕ್ಷೆ ಇಲ್ಲ, ಅರ್ಜಿ ಶಾರ್ಟ್‌ಲಿಸ್ಟ್ ಆದರೆ ಸೀದಾ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿಯ ಸಂದರ್ಶನ), ಆಯ್ಕೆಯಾದರೆ ತರಬೇತಿ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿ ಓಟಿಎನಲ್ಲಿ. ಇದು ಹುಡುಗಿಯರಿಗೂ ಇದೆ. ವಾಯುಸೇನೆಯ ಫ್ಲೈಯಿಂಗ್ ಬ್ರಾಂಚಿನ ಎನ್‌ಸಿಸಿ ಪ್ರವೇಶಕ್ಕೆ ಮಾತ್ರ ಏರ್ ವಿಂಗ್‌ನ 'ಸಿ'ಯೇ ಬೇಕು, ಪಿಯುನಲ್ಲಿ ಗಣಿತ-ಭೌತಶಾಸ್ತ್ರವೂ ಇರಬೇಕು. ಸಿಡಿಎಸ್ ಮೂಲಕ ನೌಕಾ ಅಕಾಡೆಮಿಗೆ ಎನ್‌ಸಿಸಿಯವರಿಗಾಗಿ ಇಟ್ಟ ಸೀಟುಗಳಿಗೂ ನೇವಲ್ ವಿಂಗ್‌ನದೇ 'ಸಿ' ಬೇಕು. ಹಾಗಾಗಿ ಪೈಲಟ್ ಆಗಲೇಬೇಕು ಅನ್ನುವ ಪಿಸಿಎಂ ವಿದ್ಯಾರ್ಥಿ ಪದವಿಗೆ ಏರ್ ವಿಂಗ್ ಇರುವ ಊರಿಗೆ ಹೋಗುವುದರಲ್ಲಿ ಅರ್ಥವಿದೆ. ಕಲಾ ವಿಭಾಗದ ವಿದ್ಯಾರ್ಥಿ ಏರ್ ವಿಂಗ್‌ಗಾಗಿ ಬಳ್ಳಾರಿ ಬಿಟ್ಟು ಹೋಗುವುದು ಬಾಡಿಗೆ ದುಡ್ಡಿಗೆ ದಂಡ.

ಜವಾನ, ಕಾನ್‌ಸ್ಟೆಬಲ್ ನೇಮಕಾತಿಯಲ್ಲಿ ಯಾವ ವಿಂಗ್ ಅನ್ನುವುದಕ್ಕಿಂತ ಯಾವ ಸರ್ಟಿಫಿಕೇಟ್ ಅನ್ನುವುದು ಮುಖ್ಯ. ಕೇಂದ್ರ ಸಶಸ್ತ್ರ ಪಡೆಗಳಿಗೆ ನಡೆಯುವ ಎಸ್‌ಎಸ್‌ಸಿ ಜಿಡಿ ಕಾನ್‌ಸ್ಟೆಬಲ್ ಪರೀಕ್ಷೆಯಲ್ಲಿ ಗರಿಷ್ಠ ಅಂಕದ ಶೇ. 5 'ಸಿ'ಗೆ, ಶೇ. 3 'ಬಿ'ಗೆ, ಶೇ. 2 'ಎ'ಗೆ ಬೋನಸ್. ಅಗ್ನಿವೀರ್ ನೇಮಕಾತಿಯಲ್ಲೂ ಬೋನಸ್ ಅಂಕ ಇದೆ. ಆದರೆ 1.6 ಕಿಲೋಮೀಟರ್ ಓಟವನ್ನು ಸರ್ಟಿಫಿಕೇಟ್ ಓಡುವುದಿಲ್ಲ. ಅಗ್ನಿವೀರ್ ಜಿಡಿ (ಜನರಲ್ ಡ್ಯೂಟಿ) ಹುದ್ದೆಗೆ 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಿದವರಿಗೆ ಪೂರ್ತಿ 60 ಅಂಕ. ಎನ್‌ಸಿಸಿ ಪರೇಡ್ ಒಂದನ್ನೇ ನಂಬಿಕೊಂಡವರು ಆ ಓಟದಲ್ಲಿ ಹಿಂದೆ ಬೀಳುತ್ತಾರೆ, ಓಟದ ಅಭ್ಯಾಸ ಬೇರೆಯಾಗಿಯೇ ಮಾಡಬೇಕು. ಇನ್ನು ಕೆಇಎ ಸಿಇಟಿಯಲ್ಲಿ ಎನ್‌ಸಿಸಿಗೂ ಸ್ಕೌಟ್ಸ್-ಗೈಡ್ಸ್‌ಗೂ ವಿಶೇಷ ಪ್ರವರ್ಗ ಇದೆ. ಸೀಟು ಕಡಿಮೆ, ಆದ್ಯತೆಯ ಕ್ರಮ ಬ್ರೋಷರ್‌ನಲ್ಲಿ ಇರುತ್ತದೆ, ಅರ್ಜಿ ತುಂಬುವಾಗಲೇ ಆ ಕಾಲಂ ಗುರುತು ಮಾಡಿ.

ಸೇರುವ ಹೊತ್ತಿನ ಕೆಲಸ ಜೂನ್‌ನಿಂದ ಆಗಸ್ಟ್‌ವರೆಗೆ. ಓಟ, ಪುಷ್ಅಪ್, ಒಂದು ಸಣ್ಣ ಸಂದರ್ಶನ, ಕೆಲವು ಕಡೆ ಲಿಖಿತ ಪರೀಕ್ಷೆ. ವೈದ್ಯರ ಫಿಟ್‌ನೆಸ್ ಪ್ರಮಾಣಪತ್ರ, ರಕ್ತದ ಗುಂಪು, ಪೋಷಕರ ಒಪ್ಪಿಗೆ, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್ ಬೇಕು. ಪಾಸ್‌ಬುಕ್ ಮಗುವಿನ ಹೆಸರಿನದೇ ಆಗಿರಬೇಕು. ಸಮವಸ್ತ್ರದ ಭತ್ಯೆ ಈಗ ನೇರ ಖಾತೆಗೆ ಬರುತ್ತದೆ, ಅಪ್ಪನ ಖಾತೆ ಕೊಟ್ಟವರ ದುಡ್ಡು ನಿಲ್ಲುತ್ತದೆ. ಹೆಸರಿನ ಗೊಂದಲವೂ ಹಾಗೆಯೇ: ಆಧಾರ್‌ನಲ್ಲಿ ಅಪ್ಪನ ಹೆಸರು ಸೇರಿ ಉದ್ದಕ್ಕೆ ಇದೆ, ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದೆ. ಮೂರು ವರ್ಷದ ನಂತರ 'ಸಿ' ಸರ್ಟಿಫಿಕೇಟ್ ಹಿಡಿದು ನೇಮಕಾತಿಗೆ ಹೋದಾಗ ಅದೇ ಅಡ್ಡಿ. ಅಂಕಪಟ್ಟಿಯಲ್ಲಿ ಇದ್ದಂತೆಯೇ ಎಲ್ಲ ಕಡೆ ಬರೆಯಿಸಿ. ಪರೇಡ್‌ಗೆ ಕರೆದರು ಅಂದಮಾತ್ರಕ್ಕೆ ಸೇರಿದಂತಲ್ಲ. ಹೆಸರು ಬಟಾಲಿಯನ್ ಪಟ್ಟಿಗೆ ಹೋಗಿ ರೆಜಿಮೆಂಟಲ್ ನಂಬರ್ ಬಂದಮೇಲೆಯೇ ಸೇರಿದ ಲೆಕ್ಕ. ಅಕ್ಟೋಬರ್ ಬಂದರೂ ನಂಬರ್ ಬಾರದಿದ್ದರೆ ಸುಮ್ಮನಿರಬೇಡಿ, ಹೋಗಿ ಕೇಳಿ.

ಇನ್ನು ಮೈದಾನದ ಮಾತು. ಆದೇಶಗಳೆಲ್ಲ ಹಿಂದಿಯಲ್ಲಿ. ಕಲಿಸುವ ಹವಾಲ್ದಾರರು ಯಾವ ರಾಜ್ಯದವರೂ ಆಗಿರಬಹುದು. ಸಾವಧಾನ್, ವಿಶ್ರಾಮ್, ದಾಹಿನೇ ಮುಡ್, ತೇಜ್ ಚಲ್, ಥಮ್ ಅಂತ ಹದಿನೈದಿಪ್ಪತ್ತು ಶಬ್ದ ಕಿವಿಗೆ ಹತ್ತಿದರೆ ಭಾಷೆಯ ಭಯ ಹೋಗುತ್ತದೆ. ಸಾವಧಾನ್‌ನಲ್ಲಿ ಹಿಮ್ಮಡಿ ಜೋಡಿಸಿ ಪಾದಗಳ ನಡುವೆ 30 ಡಿಗ್ರಿ ಕೋನ, ವಿಶ್ರಾಮ್‌ನಲ್ಲಿ ಎರಡು ಕಾಲಿನ ನಡುವೆ 12 ಇಂಚು, ತೇಜ್ ಚಲ್‌ನಲ್ಲಿ ಒಂದು ಹೆಜ್ಜೆಗೆ 30 ಇಂಚು.

ಹೊಸಬರು ಕುಸಿದು ಬೀಳುವುದು ಓಡುವಾಗಲ್ಲ, ಸಾವಧಾನ್‌ನಲ್ಲಿ ನಿಂತಾಗ. ಮೊಣಕಾಲನ್ನು ಹಿಂದಕ್ಕೆ ಒತ್ತಿ ಕೀಲು ಬಿಗಿದಂತೆ ನಿಂತರೆ ಕಾಲಿನ ಸ್ನಾಯುಗಳು ಅಲುಗುವುದಿಲ್ಲ, ರಕ್ತ ಕೆಳಗೇ ನಿಲ್ಲುತ್ತದೆ, ತಲೆಗೆ ಕಡಿಮೆಯಾಗುತ್ತದೆ. ಮೊದಲು ಕಿವಿ ಗುಂಯ್ ಅನ್ನುತ್ತದೆ, ಕಣ್ಣಂಚು ಕಪ್ಪಾಗುತ್ತದೆ, ತಣ್ಣನೆ ಬೆವರು ಬರುತ್ತದೆ. ಖಾಲಿ ಹೊಟ್ಟೆ, ಬಳ್ಳಾರಿಯ ಬಿಸಿಲು ಸೇರಿದರೆ ಇನ್ನೂ ಬೇಗ. ಮೊಣಕಾಲು ನೇರವಾಗಿರಲಿ, ಬಿಗಿಯುವುದು ಬೇಡ. ಬೂಟಿನೊಳಗೆ ಕಾಲ್ಬೆರಳು ಮಡಚಿ ಬಿಡಿಸುತ್ತಿರಿ, ಮೀನಖಂಡ ಬಿಗಿದು ಸಡಿಲಿಸಿ, ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಪರೇಡ್‌ಗೆ ಮುಕ್ಕಾಲು ಗಂಟೆ ಮುಂಚೆ ಎರಡು ಬಾಳೆಹಣ್ಣೋ ಒಂದು ರೊಟ್ಟಿಯೋ ತಿಂದು ನೀರು ಕುಡಿದು ಬನ್ನಿ. ಲಕ್ಷಣ ಶುರುವಾದರೆ ಮಾನ ಹೋಗುತ್ತದೆ ಅಂತ ತಡೆದುಕೊಳ್ಳದೆ ಕೂತುಬಿಡಿ. ನಿಂತಲ್ಲಿಂದ ಮುಖ ಅಡಿಯಾಗಿ ಬಿದ್ದು ಹಲ್ಲು ಮುರಿದುಕೊಳ್ಳುವುದಕ್ಕಿಂತ ಅದೇ ಮೇಲು. ಬಿದ್ದವರನ್ನು ಎತ್ತಿ ನಿಲ್ಲಿಸಬೇಡಿ, ನೆರಳಲ್ಲಿ ಮಲಗಿಸಿ ಕಾಲು ಎತ್ತರಿಸಿ. ಪೂರ್ತಿ ಎಚ್ಚರವಾದ ಮೇಲೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪ್ಯಾಕೆಟ್ ಅನ್ನು ಒಂದು ಲೀಟರ್ ನೀರಿಗೇ ಹಾಕಬೇಕು, ಅರ್ಧ ಬಾಟಲಿಗೆ ಪೂರ್ತಿ ಸುರಿಯಬಾರದು.

ಬೂಟು ಸಂಜೆ ಹೊತ್ತು ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ. ಕ್ಯಾಂಪ್‌ಗೆ ಹೊಸ ಬೂಟು ಹಾಕಿಕೊಂಡು ಹೋದವರಿಗೆ ಎರಡನೇ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ. ಎರಡು ವಾರ ಮುಂಚಿನಿಂದ ಮನೆಯಲ್ಲಿ ದಿನಕ್ಕೊಂದು ಗಂಟೆ ಹಾಕಿ ಪಳಗಿಸಿ.

ಆರ್ಮಿ ವಿಂಗ್‌ಗೆ ಬರುವ ಹುಡುಗರ ಕಣ್ಣೆಲ್ಲ ರೈಫಲ್ ಮೇಲೆ. ಮೊದಲು ಸಿಗುವುದು .22, ಗುರಿ 25 ಗಜದಲ್ಲಿ, ಸಾಮಾನ್ಯವಾಗಿ ಐದು ಗುಂಡು. ನೋಡುವುದು ನಡುವಿನ ಚುಕ್ಕೆಗೆ ಬಿತ್ತಾ ಅಂತಲ್ಲ, ಐದೂ ಒಂದರ ಪಕ್ಕ ಒಂದು ಬಿದ್ದವಾ ಅಂತ. ಅದಕ್ಕೆ ಗ್ರೂಪಿಂಗ್ ಅನ್ನುತ್ತಾರೆ. ಮೇಲೆ ಕೆಳಗೆ ಚದುರಿದರೆ ಉಸಿರು ಹಿಡಿಯುವುದರಲ್ಲಿ ತಪ್ಪು, ಒಂದೇ ಬದಿಗೆ ಚದುರಿದರೆ ಹೆಚ್ಚಾಗಿ ಟ್ರಿಗರ್ ಜಗ್ಗಿದ್ದು, ಎಲ್ಲ ಕಡೆ ಚದುರಿದರೆ ಪ್ರತಿ ಗುಂಡಿಗೂ ಕೆನ್ನೆ ಬೇರೆ ಬೇರೆ ಜಾಗಕ್ಕೆ ಇಟ್ಟದ್ದು. ಗುಂಪು ಬಿಗಿಯಾಗಿದ್ದು ಚುಕ್ಕೆಯಿಂದ ದೂರ ಬಿದ್ದರೆ ಹೆದರಬೇಡಿ, ಅದನ್ನು ಸೈಟ್ ತಿದ್ದಿ ಸರಿ ಮಾಡಬಹುದು.

ಸಭಿಕರ ಪ್ರಶ್ನೆಗಳು

ತುಂಗಭದ್ರಾ ಹಿನ್ನೀರು ಹತ್ತಿರವೇ ಇದೆಯಲ್ಲ, ನೇವಲ್ ತರಬೇತಿ ಇಲ್ಲೇ ಸಿಗುವುದಿಲ್ಲವೇ?

ನೀರಿದ್ದರೆ ಸಾಲದು. ನೇವಲ್ ಯುನಿಟ್, ದೋಣಿ, ಕಲಿಸುವ ನೌಕಾ ಸಿಬ್ಬಂದಿ, ಆ ಯುನಿಟ್‌ಗೆ ಸೇರಿದ ಕಾಲೇಜು, ಇವೆಲ್ಲ ಬೇಕು. ನೇವಲ್ಲೇ ಬೇಕಾದರೆ ಮಂಗಳೂರು ಕಡೆ ಪದವಿ ಕಾಲೇಜು ಹುಡುಕಿ, ಅದೂ ಅಡ್ಮಿಷನ್‌ಗೆ ಮುಂಚೆ ಫೋನ್ ಮಾಡಿ ಜಾಗ ಖಚಿತಪಡಿಸಿಕೊಂಡು.

ಎನ್‌ಸಿಸಿ ಸೇರಿದರೆ ಯುದ್ಧ ಬಂದಾಗ ಕರೆಯುತ್ತಾರಾ?

ಇಲ್ಲ. ಕೆಡೆಟ್‌ಗಳಿಗೆ ಸಕ್ರಿಯ ಸೈನಿಕ ಸೇವೆಯ ಹೊಣೆ ಇಲ್ಲ. ಸೇರಿದವರೆಲ್ಲ ಸೈನ್ಯಕ್ಕೆ ಹೋಗಲೇಬೇಕು ಅನ್ನುವುದೂ ಇಲ್ಲ.

ಮಗಳನ್ನು ಹತ್ತು ದಿನ ಕ್ಯಾಂಪ್‌ಗೆ ಕಳಿಸುವುದು ಹೇಗೆ?

ಹುಡುಗಿಯರಿಗೆ ವಸತಿ ಬೇರೆ, ಜೊತೆಗೆ ಮಹಿಳಾ ಎಎನ್‌ಒ ಅಥವಾ ಗರ್ಲ್ ಕೆಡೆಟ್ ಇನ್‌ಸ್ಟ್ರಕ್ಟರ್ ಇರುತ್ತಾರೆ. ನಿಮ್ಮ ಕಾಲೇಜಿನಿಂದ ಯಾರು ಜೊತೆಗೆ ಹೋಗುತ್ತಾರೆ ಅಂತ ಹೆಸರು ಕೇಳಿ, ಅವರನ್ನು ಮೊದಲೇ ಭೇಟಿಯಾಗಿ. ಸ್ಯಾನಿಟರಿ ಪ್ಯಾಡ್, ಹೇರ್‌ನೆಟ್, ಒಂದು ಜೊತೆ ಹೆಚ್ಚುವರಿ ಕಾಲುಚೀಲ ಮನೆಯಿಂದಲೇ ಕಟ್ಟಿಕೊಡಿ. ಮುಟ್ಟಿನ ದಿನ ಹೊಟ್ಟೆನೋವು ಜಾಸ್ತಿ ಇದ್ದರೆ ಹೇಳಿ ವಿಶ್ರಾಂತಿ ತೆಗೆದುಕೊಳ್ಳಬಹುದು. ಇದನ್ನು ಮಗಳಿಗೆ ಹೊರಡುವ ಮುಂಚೆಯೇ ಹೇಳಿರಿ, ಅಲ್ಲಿ ಹೋದಮೇಲೆ ನಾಚಿಕೊಂಡು ಬಿಸಿಲಲ್ಲಿ ನಿಲ್ಲುವಂತಾಗಬಾರದು.

ನಾನು ಪದವಿ ಎರಡನೇ ವರ್ಷ, ಈಗ ಸೇರಬಹುದೇ?

ಮೂರು ವರ್ಷದ ಕೋರ್ಸ್ ಆದರೆ ನಿಮಗೆ ಉಳಿದಿರುವುದು ಎರಡೇ ವರ್ಷ, 'ಬಿ'ಗೆ ನಿಲ್ಲುತ್ತದೆ. ಕಾಲೇಜುಗಳು ಅದಕ್ಕೇ ಎರಡನೇ ವರ್ಷದವರನ್ನು ತೆಗೆದುಕೊಳ್ಳಲು ಹಿಂದೆಮುಂದೆ ನೋಡುತ್ತವೆ. ಎಂಜಿನಿಯರಿಂಗ್ ಆದರೆ ಎರಡು, ಮೂರು, ನಾಲ್ಕನೇ ವರ್ಷ ಸೇರಿ ಮೂರು ಆಗುತ್ತದೆ, 'ಸಿ' ಸಾಧ್ಯ. ಆದರೆ ಕೊನೆಯ ವರ್ಷ ಪ್ಲೇಸ್‌ಮೆಂಟ್, ಪ್ರಾಜೆಕ್ಟ್ ನಡುವೆ ಹಾಜರಿ ಹೊಂದಿಸಬೇಕಾಗುತ್ತದೆ. ಎರಡೂ ಕ್ಯಾಂಪನ್ನು ಮೊದಲ ಎರಡು ವರ್ಷದಲ್ಲೇ ಮುಗಿಸಲು ಆಗುತ್ತದಾ ಅಂತ ಎಎನ್‌ಒ ಹತ್ತಿರ ಕೇಳಿ, ಆಗುತ್ತದೆ ಅಂದರೆ ಮಾತ್ರ ಫಾರಂ ತುಂಬಿ.